‘ಕಾಸ್ಟ್ ಶೇರಿಂಗ್’ ಇಲ್ಲದೆ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಕೋವಿಡ್ ಕಾಲದ ಅಮೆರಿಕದ ವಿಮಾ ಕಾನೂನುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಒಂದು ಪದಗುಚ್ಛದಲ್ಲಿ ಎರಡು ದಿನದಿಂದ ಸಿಕ್ಕಿಬಿದ್ದಿದ್ದೇನೆ.

2020ರ ಮಾರ್ಚ್ 18ರಂದು ಸಹಿಯಾದ ಫ್ಯಾಮಿಲೀಸ್ ಫಸ್ಟ್ ಕಾಯ್ದೆ, ಆರೋಗ್ಯ ವಿಮಾ ಕಂಪನಿಗಳು ಕೋವಿಡ್ ಪರೀಕ್ಷೆಯ ಖರ್ಚನ್ನು ‘ಕಾಸ್ಟ್ ಶೇರಿಂಗ್’ (ವಿಮೆ ಇದ್ದರೂ ಬಿಲ್ಲಿನ ಒಂದು ಭಾಗವನ್ನು ರೋಗಿಯೇ ಕಟ್ಟುವುದು) ಇಲ್ಲದೆ ಕೊಡಬೇಕು, ಪೂರ್ವಾನುಮತಿಯನ್ನೂ ಕೇಳಬಾರದು ಎಂದಿತು. ಒಂಬತ್ತು ದಿನ ಕಳೆದು ಬಂದ ಕೇರ್ಸ್ ಕಾಯ್ದೆ ಲಸಿಕೆಗೂ ಇದೇ ಮಾತು ಹೇಳಿತು: ತಜ್ಞರ ಸಮಿತಿ ಶಿಫಾರಸು ಮಾಡಿದ 15 ಕೆಲಸದ ದಿನಗಳೊಳಗೆ ವಿಮೆಯವರೇ ಭರಿಸಬೇಕು.

ನಾನು ಮೊದಲು ‘ವೆಚ್ಚ ಹಂಚಿಕೆಯಿಲ್ಲದೆ’ ಎಂದು ಬರೆದೆ. ಕರಡು ಓದಿದ ಅಮ್ಮ, “ಯಾರ ಜೊತೆ ಹಂಚ್ಕೊಳ್ಳೋದೋ?” ಎಂದರು. ಪ್ರಶ್ನೆ ಸರಿಯಾಗೇ ಇದೆ. ಕನ್ನಡದಲ್ಲಿ ಹಂಚುವುದು ಪ್ರಸಾದ, ಆಸ್ತಿ, ಇಲ್ಲವೇ ಸಿಹಿ. (‘ಹಂಚಿಕೆ ಹಾಕು’ ಎಂದರೆ ಉಪಾಯ ಹೂಡುವುದು ಎಂಬ ಅರ್ಥವೂ ಉಂಟು. ವಿಮಾ ಕಂಪನಿಗಳ ವಿಷಯದಲ್ಲಿ ಅದೇ ಹೆಚ್ಚು ಹೊಂದುತ್ತದೆನ್ನಿ.)

‘ಉಚಿತವಾಗಿ’ ಎಂದರೆ? ಪತ್ರಿಕೆಗಳಲ್ಲಿ ಇದೇ ಬಂತು. ಸಂಸ್ಕೃತದಲ್ಲಿ, ಹಿಂದಿಯಲ್ಲಿ ‘ಉಚಿತ’ ಎಂದರೆ ತಕ್ಕದ್ದು. ನಮ್ಮ ‘ಸಮಯೋಚಿತ’ದಲ್ಲೂ ಅದೇ ಉಳಿದಿದೆ. ಬಿಡಿಯಾಗಿ ಬಂದಾಗ ಮಾತ್ರ ನಮಗೆ ಪುಕ್ಕಟೆ. ನನ್ನ ತಕರಾರು ಅದಲ್ಲ. 2021ರಲ್ಲಿ ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿದ ಲಸಿಕೆ ಉಚಿತ ಎಂದರೆ ಒಪ್ಪಬಹುದು, ಬೊಕ್ಕಸದ ದುಡ್ಡು. ಅಮೆರಿಕದಲ್ಲಿ ಜನ ತಿಂಗಳು ತಿಂಗಳು ಪ್ರೀಮಿಯಂ ಕಟ್ಟಿದ್ದಾರೆ. ಲ್ಯಾಬಿಗೂ ದುಡ್ಡು ಹೋಗಿದೆ: ಮೊದಲೇ ದರದ ಒಪ್ಪಂದ ಇಲ್ಲದಿದ್ದರೆ, ಲ್ಯಾಬು ತನ್ನ ಜಾಲತಾಣದಲ್ಲಿ ಹಾಕಿದ ನಗದು ಬೆಲೆಯನ್ನೇ ವಿಮೆಯವರು ತೆರಬೇಕಿತ್ತು, ಇಲ್ಲವೇ ಚೌಕಾಸಿ ಮಾಡಿ ಇಳಿಸಿಕೊಳ್ಳಬೇಕಿತ್ತು. ಇದು ಯಾವ ಸೀಮೆಯ ಉಚಿತ?

ಹಾಗಾಗಿ ‘ವಂತಿಗೆ’ಯತ್ತ ಮನಸ್ಸು ಹೋಗಿದೆ. ‘ಪಾಲು’ ಎನ್ನೋಣವೆಂದರೆ, ಆ ಪದ ಕೇಳಿದೊಡನೆ ನಮಗೆ ಬರಬೇಕಾದದ್ದು ನೆನಪಾಗುತ್ತದೆ (ನಷ್ಟದಲ್ಲೂ ಪಾಲಿದೆ ಎನ್ನುವವರಿದ್ದಾರೆ, ಇರಲಿ). ವಂತಿಗೆ ನಾವು ಹಾಕಬೇಕಾದದ್ದು. ಕಾನೂನು ಹೆಸರಿಸುವ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ಕಟ್ಟುವ ಮೊತ್ತ), ಕೋಪೇಮೆಂಟ್ (ಪ್ರತಿ ಸಲ ಕಟ್ಟುವ ನಿಗದಿತ ಮೊತ್ತ), ಕೋಇನ್ಶೂರೆನ್ಸ್ (ಬಿಲ್ಲಿನಲ್ಲಿ ಶೇಕಡಾ ಇಷ್ಟು ಎಂದು ಕಟ್ಟುವುದು) ಮೂರೂ ರೋಗಿ ತನ್ನ ಜೇಬಿನಿಂದ ಹಾಕುವ ಹಣವೇ. ‘ರೋಗಿಯ ವಂತಿಗೆಯಿಲ್ಲದೆ’ ಎಂದರೆ ಮೂರನ್ನೂ ಒಟ್ಟಿಗೆ ಹಿಡಿದಂತಾಗುತ್ತದೆ. ತೊಡಕು ಒಂದೇ: ಇವತ್ತು ವಂತಿಗೆ ಎಂದರೆ ಗಣೇಶನ ಚಂದಾ, ಇಲ್ಲವೇ ಸೀಟಿಗೆ ಕೊಡುವ ಡೊನೇಷನ್. ‘ವಂತಿಗೆ ಹಾವಳಿ’ ಓದಿ ಬೆಳೆದವರಿಗೆ ಲಂಚದ ವಾಸನೆ ಹೊಡೆದೀತೇ?

‘ಕವರೇಜ್’ಗೆ ‘ವಿಮಾ ರಕ್ಷಣೆ’ ಬೇಡ ಎಂದು ತೀರ್ಮಾನಿಸಿದ್ದೇನೆ. ‘ಪರೀಕ್ಷೆಗೆ ರಕ್ಷಣೆ’ ಎಂದರೆ ಲ್ಯಾಬಿಗೆ ಪೊಲೀಸ್ ಕಾವಲು ಹಾಕಿದಂತಿದೆ. ‘ಭರಿಸು’ ಸಾಕು.

ಇನ್ನೊಂದು ಕಾರಣಕ್ಕೂ ಪದ ನಿಖರವಾಗಿರಬೇಕು. 2023ರ ಮೇ 11ಕ್ಕೆ ಅಲ್ಲಿ ಕೋವಿಡ್ ತುರ್ತುಸ್ಥಿತಿ ಮುಗಿದಾಗ, ಪರೀಕ್ಷೆಯ ಖರ್ಚನ್ನು ವಿಮೆಯವರು ಹೀಗೆ ಭರಿಸಲೇಬೇಕೆಂಬ ಕಡ್ಡಾಯವೂ ಹೋಯಿತು. ಪರೀಕ್ಷೆ ಮಾಡುವುದೇನೂ ನಿಲ್ಲಲಿಲ್ಲ; ರೋಗಿಯ ಜೇಬಿಗೆ ಕೈಹಾಕುವ ಹಕ್ಕು ವಿಮೆಯವರಿಗೆ ಮರಳಿ ಸಿಕ್ಕಿತು. ‘ಉಚಿತ ನಿಂತಿತು’ ಎಂದು ಬರೆದರೆ ಇದು ತಿಳಿಯುವುದಿಲ್ಲ.

ನಿಮ್ಮ ಕಡೆ ‘ವಂತಿಗೆ’ ಈಗಲೂ ಬರೀ ‘ನನ್ನ ಲೆಕ್ಕದ ಹಣ’ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ತಿಳಿಸಿ.