ಮಂತ್ರಿ ‘ಪರಿಶೀಲಿಸುತ್ತೇವೆ’ ಅಂದ್ರೆ ಮುಗೀತಾ?

ಪ್ರಶ್ನೆ (ಅಂಕೋಲಾ): ಸರ್, ನೀವು ವಿಧಾನಸಭೆ ಸಚಿವಾಲಯದಲ್ಲಿದ್ದು ನಿವೃತ್ತರಾದವರು ಅಂತ ಕೇಳ್ತಿದ್ದೇನೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸೀತು, ಆಗಸ್ಟ್‌ನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ಇಂಥದ್ದನ್ನ ಎಂಪಿ ಸಂಸತ್ತಿನಲ್ಲಿ ಕೇಳಿದ್ರೂ ಮಂತ್ರಿ ‘ಪರಿಶೀಲಿಸುತ್ತೇವೆ’ ಅಂದು ಕೂತ್ರೆ ಏನು ಉಪಯೋಗ?

ಉತ್ತರ: ತಮ್ಮಾ, ಗಟ್ಟಿಯಾಗಿ ಹಿಡೀಬೇಕಾದ್ದು ಆ ಮಾತನ್ನೇ. ಸದನದಲ್ಲಿ ಮಂತ್ರಿ ‘ಪರಿಶೀಲಿಸುತ್ತೇವೆ’, ‘ಮಾಹಿತಿ ತರಿಸ್ತಿದ್ದೇವೆ’ ಅಂದ್ರೆ ಅದು ಭರವಸೆ ಅಂತ ದಾಖಲಾಗ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ರೆ ಇಲಾಖೆ ಸರ್ಕಾರಿ ಭರವಸೆಗಳ ಸಮಿತಿಗೆ ಕಾರಣ ಕೊಟ್ಟು ಗಡುವು ಕೇಳಬೇಕು. ಸಮಿತಿ ಅಧಿಕಾರಿಗಳನ್ನು ಕರೆಸಿ ಕೂರಿಸಿ ಕೇಳ್ತದೆ, ವರದಿ ಸದನಕ್ಕೆ ಬರ್ತದೆ. ಲೋಕಸಭೆಯಲ್ಲಿ ಈ ಸಮಿತಿ 1953ರಿಂದಲೇ ಇದೆ. ನಮ್ಮ ಜನ ಅದರ ಹೆಸರೇ ಕೇಳಿಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ ಹೇಗಿದೆ ಅನ್ನೋದೂ ಮುಖ್ಯ. ‘ಹೆದ್ದಾರಿ ಸುರಕ್ಷತೆಗೆ ಏನು ಕ್ರಮ?’ ಅಂತ ಕೇಳಿದ್ರೆ ಇಲಾಖೆ ಎರಡು ಪುಟ ಹೊಗಳಿಕೆ ಬರೆದು ಕಳಿಸ್ತದೆ. ‘ಗುಡ್ಡ ಕಡಿದಲ್ಲಿ ಎಲ್ಲೆಲ್ಲಿ ತಡೆಗೋಡೆ ಕಟ್ಟಿದ್ದೀರಿ, ಉಳಿದದ್ದು ಯಾವ ತಿಂಗಳಿಗೆ, ಗುತ್ತಿಗೆದಾರನಿಗೆ ದಂಡ ಎಷ್ಟು?’ ಅಂದ್ರೆ ನುಣುಚಿಕೊಳ್ಳೋದು ಕಷ್ಟ. ಚುಕ್ಕೆ ಗುರುತಿನ ಪ್ರಶ್ನೆಯಾದ್ರೆ ಮಂತ್ರಿ ಎದ್ದು ನಿಂತು ಹೇಳಬೇಕು, ಉಪಪ್ರಶ್ನೆಗೂ ಸಿಗಬೇಕು. ಆದರೆ ದಿನಕ್ಕೆ 20 ಮಾತ್ರ, ಅದರಲ್ಲೂ ಸರದಿ ಬರೋದು ಕೆಲವಕ್ಕೆ. ಅಂಕಿಅಂಶ ಬೇಕಿದ್ರೆ ಲಿಖಿತ ಉತ್ತರವೇ ಲೇಸು.

ಪ್ರಶ್ನೆ (ಶಿರಸಿ): ಖರ್ಚಾದ ದುಡ್ಡಿನ ಲೆಕ್ಕ ಯಾರು ಕೇಳ್ತಾರೆ ಸರ್? ನಮಗೆ ದೊಡ್ಡಾಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗ್ತಿದೆ, ಅದನ್ನೂ ಎಂಪಿಗೇ ಹೇಳೋದಾ?

ಉತ್ತರ: ಆಸ್ಪತ್ರೆ ರಾಜ್ಯದ ವಿಷಯ ತಂಗಿ, ಅದಕ್ಕೆ ಶಾಸಕರನ್ನೇ ಹಿಡೀರಿ. ಬೆಳಗಾವಿ ಅಧಿವೇಶನದಲ್ಲೂ ಪ್ರಶ್ನೋತ್ತರ ಇರ್ತದೆ, ವಿಧಾನಸಭೆಗೂ ಭರವಸೆಗಳ ಸಮಿತಿ ಇದೆ. ದುಡ್ಡಿನ ಲೆಕ್ಕ ಸಿಎಜಿ, ಅಂದ್ರೆ ಮಹಾಲೇಖಪಾಲರು, ತಪಾಸಣೆ ಮಾಡಿ ವರದಿ ಕೊಡ್ತಾರೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನಿಟ್ಟುಕೊಂಡು ವಿಚಾರಿಸ್ತದೆ. ಸಂಸತ್ತಿನಲ್ಲಿ ಈ ಸಮಿತಿಗೆ 22 ಸದಸ್ಯರು. ಮಂತ್ರಿಗಳಿಗೆ ಜಾಗ ಇಲ್ಲ, 1967ರಿಂದ ಅಧ್ಯಕ್ಷತೆ ವಿರೋಧ ಪಕ್ಷದವರದ್ದು. ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಅಂತಿಲ್ಲ, ಇದು ದೊಡ್ಡ ಕೊರತೆಯೇ. ಆದರೂ ಏನು ಕ್ರಮ ಆಯ್ತು ಅಂತ ಉತ್ತರ ಕೊಡಲೇಬೇಕು.

ಅಂಕೋಲಾದ ತಮ್ಮಾ, ಲೋಕಸಭೆ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ನೋಟಿಸ್ ಬೇಕು. ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಎಂಪಿ ಕಚೇರಿಗೆ ಬರೆದು ಕೊಡಿ. ಕರಡು ಇಲ್ಲಿ ಹಾಕಿದ್ರೆ ನಾನು ತಿದ್ದಿ ಕೊಡ್ತೇನೆ.