ಅಪ್‌ಡೇಟ್: ಕೆನ್ನೆ ಮೇಲಿನ ಬಂಗಿಗೆ ಯಾವ ಸನ್‌ಸ್ಕ್ರೀನ್?

ಬಾಗಲಕೋಟೆ ನವನಗರದಲ್ಲಿ ದಿನವಿಡೀ ಸ್ಕೂಟಿ ಮೇಲೆ ಓಡಾಡುವ ಕೆಲಸ, ಕೆನ್ನೆಗೆ ಬಂಗು (ಕಂದು ಕಲೆ) ಬಂದಿದೆ, ಎಸ್‌ಪಿಎಫ್ (ಸನ್‌ಸ್ಕ್ರೀನ್ ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅನ್ನೋ ನಂಬರು) 50 ತಗೊಳ್ಳಲಾ 100 ತಗೊಳ್ಳಲಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಚರ್ಮದ ಡಾಕ್ಟರಿಗೆ ತೋರಿಸಿ ಬಂದೆ.

ನಂಬರಿನ ಹಿಂದೆ ಓಡಬೇಡಿ ಅಂದರು. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿಬಿ (ಚರ್ಮ ಸುಡುವ ಬಿಸಿಲಿನ ಕಿರಣ) ತಡೆಯುತ್ತದೆ, 50 ಶೇ. 98ರಷ್ಟು. ಇಷ್ಟಕ್ಕೆ ನಾವು ತಲೆ ಕೆಡಿಸಿಕೊಳ್ಳೋದು! ಅದೂ ಧಾರಾಳವಾಗಿ ಹಚ್ಚಿದರೆ ಮಾತ್ರ: ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ನನಗೆ ಹೊಸದು ಅನಿಸಿದ್ದು ಬೇರೆ. ಬಂಗು ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯೋದಿಲ್ಲ. ಅದಕ್ಕೇ ಐರನ್ ಆಕ್ಸೈಡ್ ಇರುವ ಟಿಂಟೆಡ್ (ಚರ್ಮದ ಬಣ್ಣ ಬೆರೆಸಿದ) ಸನ್‌ಸ್ಕ್ರೀನ್ ಬರೆದುಕೊಟ್ಟರು. ಜೊತೆಗೆ ಜಿಂಕ್ ಆಕ್ಸೈಡ್ ಇದೆ, ಬೇಗ ಉರಿಯುವ ನನ್ನ ಚರ್ಮಕ್ಕೂ ಒಗ್ಗಿದೆ. ಬಣ್ಣ ಇರೋದರಿಂದ ಮುಖ ಬೂದಿ ಬಳಿದಂತೆಯೂ ಕಾಣೋದಿಲ್ಲ.

ಉತ್ತರ ಕೊಟ್ಟವರಲ್ಲಿ ಒಬ್ಬರು ಬೆಳ್ಳಗಾಗುವ ಕ್ರೀಮ್ ಹೇಳಿದ್ದರಲ್ವಾ? ಡಬ್ಬಿ ಮೇಲೆ ಓದಿದರೆ ಸ್ಟೀರಾಯ್ಡ್ ಇತ್ತು. ಡಾಕ್ಟರ್ ಹೇಳದೆ ಸುಮ್ನೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಮುಟ್ಟಲಿಲ್ಲ.

ಬಂಗು ಪೂರ್ತಿ ಹೋಗಿಲ್ಲ, ಜಾಸ್ತಿಯೂ ಆಗಿಲ್ಲ. ಮಧ್ಯಾಹ್ನದ ಓಡಾಟ ಆದಷ್ಟು ಬೆಳಗ್ಗೆಗೇ ಮುಗಿಸುತ್ತಿದ್ದೇನೆ.