ಆಗಸ್ಟ್‌ನಲ್ಲಿ ತುಲುಸ್‌ಧೂ: ಹವಳದ ಮೇಲಿನ ಅಲೆ, ಗಾಳಿ ಹೇಗಿರಬಹುದು?

ಹಾನಬಾಳು ರೊಬಸ್ಟಾ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಬೋರ್ಡೋ ಸಿಂಪಡಣೆ ಮುಗಿದಿದೆ, ಮರಗಸಿಯೂ ಆಗಿದೆ. ಈ ಜಡಿಮಳೆಯಲ್ಲಿ ತೋಟದೊಳಗೆ ಕಾಲಿಟ್ಟರೆ ಜಿಗಣೆಗಳ ಹೊರತು ವಿಚಾರಿಸಿಕೊಳ್ಳುವವರು ಯಾರೂ ಇಲ್ಲ. ಕಾಫಿಯವರಿಗೆ ಪುರುಸೊತ್ತು ಸಿಗುವುದೇ ಈಗ. ನಮ್ಮ ಕರಾವಳಿಯಲ್ಲಿ ಸರ್ಫಿಂಗ್ ಕಲಿಸುವವರು ಬೋರ್ಡುಗಳನ್ನು ಒಳಗಿಟ್ಟು ಬಾಗಿಲು ಹಾಕುವುದೂ ಈಗಲೇ. ಹಾಗಾಗಿ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ, ನಾನು ಮತ್ತು ನನ್ನ ಭಾವಮೈದ. ಆಗಸ್ಟ್ ಎರಡನೇ ವಾರ, ಉತ್ತರ ಮಾಲೆ ಹವಳವಲಯದ (ಉಂಗುರದಂತೆ ಸುತ್ತುವರಿದ ಹವಳದ ದಿಬ್ಬ, ದ್ವೀಪಗಳ ಸಾಲು) ತುಲುಸ್‌ಧೂ ದ್ವೀಪ.

ನಾವಿಬ್ಬರೂ ಕಲಿತದ್ದು ಸಸಿಹಿತ್ಲುವಿನಲ್ಲಿ, ಮರಳಿನ ಮೇಲೆ. ಹಸಿರು ಅಲೆ, ಅಂದರೆ ಇನ್ನೂ ಮುರಿಯದ ಅಲೆ, ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಬಲ್ಲೆವು. ಹವಳದ ಮೇಲೆ ಇದೇ ಮೊದಲು.

ಮೊಬೈಲಿನಲ್ಲಿ ಅಲೆಗಳ ಮುನ್ಸೂಚನೆ ನೋಡುತ್ತಿದ್ದೇನೆ. ಮಂಗಳವಾರ 2.3 ಮೀಟರ್ ಎಂದು ಕೆಂಪು ಬಣ್ಣದಲ್ಲಿದೆ. ಶುಕ್ರವಾರ 1.6 ಮೀಟರ್, ಹಸಿರು. ಹಾಗಾದರೆ ಮಂಗಳವಾರ ದಡದಲ್ಲಿ ಕುಳಿತು ಮೀನು ತಿನ್ನುವುದು, ಶುಕ್ರವಾರ ನೀರಿಗಿಳಿಯುವುದು ಎಂದು ಯೋಜನೆ ಹಾಕಿದ್ದೇವೆ. ಸರಿಯೇ? ಗೊತ್ತಿರುವವರು ದಯವಿಟ್ಟು ತಿಳಿಸಿ. ಮನೆಯಲ್ಲಿ ನಾವು ಹವಳ ನೋಡಲು ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದ್ದೇವೆ.

ಬೇಲೂರು ಬೈಪಾಸ್

ಇಷ್ಟೊಂದು ಲೆಕ್ಕ ಯಾಕೆ? ಬೆಳಿಗ್ಗೆ ಎದ್ದು ಸಮುದ್ರ ನೋಡಿ, ಅಲ್ಲಿನ ಹುಡುಗರು ಇಳಿಯುತ್ತಿದ್ದರೆ ಇಳಿಯಿರಿ, ಇಲ್ಲವಾದರೆ ಬೇಡ. ಮುನ್ಸೂಚನೆ ನೋಡಿ ಕಾಫಿ ಒಣಗಿಸಲು ಹೋದವರ ಕಣದ ಕಥೆ ನಮಗೆಲ್ಲ ಗೊತ್ತೇ ಇದೆ.

ಆಲ್ದೂರಿನ ಹಳೇ ನಾವಿಕ, ಚಿಕ್ಕಮಗಳೂರು

ಬೈಪಾಸ್ ಅವರೇ, ಅಲ್ಲಿನ ಹುಡುಗರು ಆ ಹವಳದ ಮೇಲೆಯೇ ಬೆಳೆದವರು. ಅವರು ಇಳಿದರು ಎಂಬುದು ಇವರೂ ಇಳಿಯಬಹುದು ಎನ್ನುವುದಕ್ಕೆ ಆಧಾರವಲ್ಲ.

ರೊಬಸ್ಟಾ ಅವರೇ, ನಾನು ಸರಕು ಹಡಗಿನಲ್ಲಿ ಕೆಲಸ ಮಾಡಿ, ಈಗ ಆಲ್ದೂರಿನಲ್ಲಿ ಮೆಣಸಿನ ಬಳ್ಳಿ ಕಟ್ಟಿಸಿಕೊಂಡು ಇರುವವನು. ಸರ್ಫಿಂಗ್ ಹುಚ್ಚು ಹಿಡಿದದ್ದು ಮಗನಿಂದ. ತುಲುಸ್‌ಧೂ ನೀರು ಕುಡಿದಿದ್ದೇನೆ, ಮೂಗಿನಿಂದಲೂ ಕುಡಿದಿದ್ದೇನೆ. ನಿಮ್ಮ ಯೋಜನೆ ತಲೆಕೆಳಗಾಗಿದೆ ಎಂದು ನನಗೆ ಬಲವಾದ ಅನುಮಾನ. ಆದರೆ ನೀವು ಕೊಟ್ಟಿರುವ ಅಂಕಿಯಿಂದ ಏನನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ.

ಆ 2.3 ಮತ್ತು 1.6 ಎಂಬುವು ಒಟ್ಟು ಎತ್ತರ. ಸಮುದ್ರದಲ್ಲಿ ಒಂದೇ ಹೊತ್ತಿಗೆ ಎರಡು ಮೂರು ಬಗೆಯ ಅಲೆಗಳಿರುತ್ತವೆ. ಅಲ್ಲೇ ಸುತ್ತಮುತ್ತ ಬೀಸುವ ಗಾಳಿ ಎಬ್ಬಿಸಿದ ಗಿಡ್ಡ ಅಲೆಗಳು ಒಂದು ಬಗೆ. ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ, ದಿನಗಟ್ಟಲೆ ಪ್ರಯಾಣ ಮಾಡಿ ಬರುವ ಉದ್ದನೆಯ ಅಲೆಗಳು ಇನ್ನೊಂದು ಬಗೆ; ಇವನ್ನು ಸ್ವೆಲ್ ಎನ್ನುತ್ತಾರೆ. ಎಲ್ಲವನ್ನೂ ಒಟ್ಟುಗೂಡಿಸಿದ ಅಂಕಿ ಮೀನುಗಾರನ ದೋಣಿಗೆ ಬೇಕು, ಹಡಗಿಗೆ ಬೇಕು. ನಿಮಗೆ ಬೇಡ.

ಆಗಸ್ಟ್‌ನಲ್ಲಿ ಅಲ್ಲಿ ಬೀಸುವುದು ಪಡುವಣ ಗಾಳಿ. ನಮ್ಮ ಘಟ್ಟಕ್ಕೆ ಬಡಿದು ಮಳೆ ಸುರಿಸುವ ಅದೇ ನೈಋತ್ಯ ಮುಂಗಾರಿನದು. ತುಲುಸ್‌ಧೂ ಇರುವುದು ಹವಳವಲಯದ ಪೂರ್ವ ಅಂಚಿನಲ್ಲಿ. ಪಶ್ಚಿಮದಿಂದ ಬರುವ ಗಿಡ್ಡ ಅಲೆಗಳು ವಲಯದ ಆ ಬದಿಯ ದಿಬ್ಬಗಳಲ್ಲೇ ಮುರಿದು ಸಾಯುತ್ತವೆ. ಆ ಕೆಂಪು ಬಣ್ಣ ನೋಡಿ ಪೂರ್ವದ ಅಂಚಿನಲ್ಲಿ ಹೆದರುವುದೆಂದರೆ, ಸಕಲೇಶಪುರದ ಮಳೆಯ ಸುದ್ದಿ ಕೇಳಿ ಅರಸೀಕೆರೆಯವನು ಕೊಡೆ ಬಿಚ್ಚಿದಂತೆ.

ಆ ಪುಟದ ಕೆಳಗೆ ಅಲೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಪಟ್ಟಿ ಇರುತ್ತದೆ: ಎತ್ತರ, ಸೆಕೆಂಡು, ದಿಕ್ಕು. ಅದನ್ನು ಇಲ್ಲಿ ಹಾಕಿ. ಸೆಕೆಂಡನ್ನು ಮರೆಯಬೇಡಿ.

ಹಾನಬಾಳು ರೊಬಸ್ಟಾ, ಸಕಲೇಶಪುರ

ಸರ್, ಧನ್ಯವಾದ. ಆ ಪಟ್ಟಿ ಇರುವುದು ಗೊತ್ತೇ ಇರಲಿಲ್ಲ. ಹೀಗಿದೆ:

ಮಂಗಳವಾರ: ಪಶ್ಚಿಮದಿಂದ 2.1 ಮೀಟರ್, 7 ಸೆಕೆಂಡು, ದಕ್ಷಿಣದಿಂದ 0.9 ಮೀಟರ್, 12 ಸೆಕೆಂಡು. ಗಾಳಿ ಪಶ್ಚಿಮ, 20 ನಾಟ್.
ಗುರುವಾರ ಸಂಜೆ: ದಕ್ಷಿಣದಿಂದ 0.4 ಮೀಟರ್, 20 ಸೆಕೆಂಡು.
ಶುಕ್ರವಾರ: ದಕ್ಷಿಣದಿಂದ 1.3 ಮೀಟರ್, 18 ಸೆಕೆಂಡು, ಪಶ್ಚಿಮದಿಂದ 0.9 ಮೀಟರ್, 5 ಸೆಕೆಂಡು. ಗಾಳಿ 10 ನಾಟ್.
ಶನಿವಾರ: ದಕ್ಷಿಣದಿಂದ 1.4 ಮೀಟರ್, 16 ಸೆಕೆಂಡು.
ಭಾನುವಾರ: 1.1 ಮೀಟರ್, 14 ಸೆಕೆಂಡು.

ಇನ್ನೊಂದು ಪ್ರಶ್ನೆ. 0.9ಕ್ಕೂ 1.3ಕ್ಕೂ ಇರುವುದು ಒಂದು ಮೊಳದ ಆಚೀಚೆ ವ್ಯತ್ಯಾಸ. ಅದಕ್ಕೆ ಇಷ್ಟು ಚಿಂತೆ ಏಕೆ?

ಆಲ್ದೂರಿನ ಹಳೇ ನಾವಿಕ, ಚಿಕ್ಕಮಗಳೂರು

ಚಿಂತೆ ಮೊಳದ್ದಲ್ಲ, 12 ಮತ್ತು 18ರದು.

ಒಂದು ಅಲೆಯ ತುದಿ ದಾಟಿದ ಮೇಲೆ ಮುಂದಿನ ತುದಿ ಬರುವವರೆಗಿನ ಸಮಯವೇ ಆ ಸೆಕೆಂಡು. ಆಳ ಸಮುದ್ರದಲ್ಲಿ ಅಲೆಯ ಉದ್ದ ತಿಳಿಯಲು ಆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿ. 7 ಸೆಕೆಂಡಿನದು 76 ಮೀಟರ್ ಉದ್ದ, 12ರದು 225, 18ರದು 505 ಮೀಟರ್. ಅಲೆಯು ತನ್ನ ಉದ್ದದ ಅರ್ಧದಷ್ಟು ಆಳದವರೆಗೂ ನೀರನ್ನು ಕಲಕುತ್ತದೆ. ಅಂದರೆ ನಿಮ್ಮ ಶುಕ್ರವಾರದ ಅಲೆಗೆ 250 ಮೀಟರ್ ಆಳದಲ್ಲೇ ನೆಲ ತಾಗಲು ಶುರು. ಮೇಲೆ ಕಾಣುವ 1.3 ಮೀಟರಿನ ಕೆಳಗೆ ಅಷ್ಟು ನೀರು ಒಟ್ಟಿಗೆ ಚಲಿಸುತ್ತಿರುತ್ತದೆ. ದಿಬ್ಬದ ಹತ್ತಿರ ಬಂದಾಗ ಅದಕ್ಕೆಲ್ಲ ಹೋಗಲು ಇರುವ ದಾರಿ ಒಂದೇ, ಮೇಲಕ್ಕೆ. ದೀರ್ಘ ಸೆಕೆಂಡಿನ ಅಲೆ ಮುರಿಯುವ ಹೊತ್ತಿಗೆ ಆಳ ಸಮುದ್ರದ ಎತ್ತರದ ಒಂದೂವರೆ ಪಟ್ಟಿಗೂ ಮೀರಿ ಏಳುವುದು ಸಾಮಾನ್ಯ.

ಸಸಿಹಿತ್ಲುವಿನಲ್ಲಿ ಮರಳು ನಿಧಾನವಾಗಿ ಏರುತ್ತದೆ. ಅಲೆಯೂ ನಿಧಾನವಾಗಿ ನೊರೆಯಾಗಿ ಇಳಿಯುತ್ತದೆ, ಬಿದ್ದರೆ ಬೆನ್ನಿಗೆ ಮರಳು. ಹವಳದ ದಿಬ್ಬ ಹಾಗಲ್ಲ. ಕಡು ನೀಲಿಯಿಂದ ತೆಳು ಹಸಿರಿಗೆ ಕೆಲವೇ ಮಾರು ದೂರದಲ್ಲಿ ಬಂದುಬಿಡುತ್ತದೆ. ಅಲೆಯ ಬುಡ ತಡೆದು ನಿಲ್ಲುತ್ತದೆ, ತುದಿ ಮುಂದಕ್ಕೆ ಎಸೆಯಲ್ಪಡುತ್ತದೆ. ಸುಮಾರಾಗಿ ಒಂದೂವರೆ ಮೀಟರಿನ ಅಲೆ ಎರಡು ಮೀಟರ್ ನೀರಿನಲ್ಲಿ ಮುರಿಯುತ್ತದೆ ಎಂಬುದು ಪುಸ್ತಕದ ಲೆಕ್ಕ. ನೀವು ಬೀಳುವುದು ಅದಕ್ಕಿಂತಲೂ ತೆಳುವಾದ ಜಾಗದಲ್ಲಿ. ತುಲುಸ್‌ಧೂವಿನ ಕೋಕ್ಸ್ ಎಂಬ ಬಲಗಡೆಯ (ಸವಾರನ ಬಲಕ್ಕೆ ಮುರಿಯುತ್ತಾ ಸಾಗುವ) ಅಲೆ ಇದಕ್ಕೇ ಹೆಸರುವಾಸಿ. ದ್ವೀಪದಲ್ಲಿ ಕೋಕ ಕೋಲ ಕಾರ್ಖಾನೆ ಇರುವುದರಿಂದ ಆ ಹೆಸರು. ವೇಗದ ಅಲೆ, ಟೊಳ್ಳು ಅಲೆ, ಕೆಳಗೆ ತೆಳುವಾದ ನೀರು. ನೀವಿಬ್ಬರೂ ಅದನ್ನು ದಡದಿಂದ ನೋಡಿ. ಕಾಸಿಲ್ಲದೆ ಸಿಗುವ ಒಳ್ಳೆಯ ಪ್ರದರ್ಶನ ಅದು.

ಈಗ ದಿನಗಳ ವಿಷಯ. ಮಂಗಳವಾರ ಕೆಂಪಗಿದ್ದರೂ ನಿಮ್ಮ ಕಡೆಗೆ ತಲುಪುವುದು 0.9 ಮೀಟರ್, 12 ಸೆಕೆಂಡಿನ ಅಲೆ. ಅದೂ ಹವಳವಲಯದ ಅಂಚನ್ನು ಬಳಸಿಕೊಂಡು ಬರುವಾಗ ಒಂದಿಷ್ಟು ಸೊರಗುತ್ತದೆ. ನಿಮ್ಮ ಮಟ್ಟಕ್ಕೆ ಹೇಳಿ ಮಾಡಿಸಿದ್ದು. ಪಕ್ಕದ ಕಾನಿಫಿನೊಳು ದ್ವೀಪದ ನಿಂಜಾಸ್‌ಗೆ ದೋಣಿಯಲ್ಲಿ ಕರೆದೊಯ್ಯಲು ಹೇಳಿ, ಅಲ್ಲಿನ ಅಲೆ ಮೃದು. ಕಾಲುವೆಯ ಆಚೆಗಿನ ಚಿಕನ್ಸ್ ಎಂಬ, ಎಡಕ್ಕೆ ಬಹಳ ದೂರ ಸಾಗುವ ಅಲೆಯನ್ನು ಆಮೇಲೆ ನೋಡಿಕೊಳ್ಳಬಹುದು.

ಆದರೆ ಆ ದಿನದ 20 ನಾಟ್ ಪಶ್ಚಿಮದ ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಡದಿಂದ ಸಮುದ್ರದ ಕಡೆಗೆ ಬೀಸುವ ಗಾಳಿ ಅಲೆಯ ಮುಖವನ್ನು ಕನ್ನಡಿಯಂತೆ ನೇರ್ಪುಗೊಳಿಸುತ್ತದೆ, ಎಲ್ಲರೂ ಅದನ್ನೇ ಹೊಗಳುತ್ತಾರೆ. ಅದೇ ಗಾಳಿ ತೋಳು ಸೋತವನನ್ನು ಪೂರ್ವಕ್ಕೆ, ತೆರೆದ ಸಮುದ್ರಕ್ಕೆ ತಳ್ಳುತ್ತಲೂ ಇರುತ್ತದೆ. ದೋಣಿ ಹತ್ತಿರವೇ ನಿಂತಿರಲಿ. ಅಲೆ ಹಿಡಿಯದೆ ಸುಮ್ಮನೆ ಕುಳಿತಾಗಲೂ ದಡದ ಒಂದು ತೆಂಗಿನ ಮರವನ್ನು ಗುರುತು ಮಾಡಿಕೊಂಡು, ಅದರ ನೇರದಲ್ಲಿಯೇ ಇದ್ದೀರಾ ಎಂದು ನೋಡುತ್ತಿರಿ.

ಶುಕ್ರವಾರ, ಶನಿವಾರ ಎರಡೂ ದಿನ ನೀರಿಗೆ ಇಳಿಯಬೇಡಿ. ಮಾತು ಕಟುವಾಯಿತೆಂದರೆ ಆಗಲಿ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ನೋಡಬಹುದು.

ಗುರುವಾರ ಸಂಜೆಯ 0.4 ಮೀಟರ್, 20 ಸೆಕೆಂಡು ಎಂಬ ಸಾಲು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಉದ್ದನೆಯ ಅಲೆ ವೇಗವಾಗಿ ಓಡುತ್ತದೆ, ಗಿಡ್ಡ ಅಲೆ ಹಿಂದೆ ಬೀಳುತ್ತದೆ. ದಕ್ಷಿಣದಲ್ಲಿ, 45 ಡಿಗ್ರಿ ಅಕ್ಷಾಂಶದ ಆಸುಪಾಸಿನ ಚಂಡಮಾರುತದಲ್ಲಿ ಎಲ್ಲವೂ ಒಟ್ಟಿಗೆ ಹೊರಟರೂ ಮಾಲ್ಡೀವ್ಸ್‌ಗೆ ಮೊದಲು ಮುಟ್ಟುವುದು 20 ಸೆಕೆಂಡಿನವು. ಎತ್ತರ ಮೊಣಕಾಲಿನಷ್ಟು, ಆದರೆ ಹಿಂದೆ ದಂಡೇ ಬರುತ್ತಿದೆ ಎಂದು ಅರ್ಥ. 17 ಸೆಕೆಂಡಿನ ಅಲೆಗಳ ಗುಂಪು ದಿನಕ್ಕೆ ಸುಮಾರು 1,100 ಕಿಲೋಮೀಟರ್ ಸಾಗುತ್ತದೆ. ದಾರಿ 5,000 ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ಐದು ದಿನ ಮೊದಲು ಕೊಡುವ ಸ್ವೆಲ್ ಮುನ್ಸೂಚನೆಯನ್ನು ನಾನು ನಂಬುತ್ತೇನೆ, ಏಕೆಂದರೆ ಅಲೆ ಆಗಲೇ ಹುಟ್ಟಿರುತ್ತದೆ. ಹತ್ತು ದಿನ ಮೊದಲಿನದನ್ನು ನಂಬುವುದಿಲ್ಲ, ಇನ್ನೂ ಎದ್ದಿರದ ಬಿರುಗಾಳಿಯ ಅಲೆ ಅದು. ಬೈಪಾಸ್ ಅವರು ಹೇಳಿದ ಕಾಫಿ ಕಣದ ಮಳೆಗೆ ಈ ಸೌಲಭ್ಯವಿಲ್ಲ.

2007ರ ಮೇ ತಿಂಗಳಲ್ಲಿ ಇಂಥದೇ ದೂರದ ದಕ್ಷಿಣದ ಅಲೆಗಳು ಮಾಲ್ಡೀವ್ಸ್‌ನ ಹಲವು ದ್ವೀಪಗಳಿಗೆ ನುಗ್ಗಿ ಮನೆಗಳಿಗೆ ನೀರು ತುಂಬಿಸಿದವು. ಅವನ್ನು ಎಬ್ಬಿಸಿದ ಬಿರುಗಾಳಿ ಇದ್ದದ್ದು ಸಾವಿರಾರು ಕಿಲೋಮೀಟರ್ ಆಚೆ.

ಕೊಪ್ಪದ ನಿವೃತ್ತ ಮೇಷ್ಟ್ರು

ಸಮುದ್ರದ ವಿಷಯ ನನಗೆ ತಿಳಿಯದು. ಆದರೆ ಒಂದು ಸಂಗತಿ ಹೇಳಬೇಕೆನಿಸಿತು. ಮಾಲ್ಡೀವ್ಸ್‌ನವರೂ ನಮ್ಮಂತೆ ನಕ್ಷತ್ರದ ಲೆಕ್ಕದಲ್ಲೇ ಹವಾಮಾನ ಹೇಳುತ್ತಾರೆ. ಅವರ ‘ನಕೈ’ ಪಂಚಾಂಗದಲ್ಲಿ ವರ್ಷಕ್ಕೆ 27 ಭಾಗಗಳು, ಒಂದೊಂದೂ 13 ಅಥವಾ 14 ದಿನ. ನಮ್ಮ ರೋಹಿಣಿ ಅವರಿಗೆ ರೋನು, ಪುನರ್ವಸು ಫುನೋಸ್, ಆಶ್ಲೇಷಾ ಅಹುಲಿಹ. ಮುಂಗಾರನ್ನು ಹುಳಂಗು ಎನ್ನುತ್ತಾರೆ. ಇಲ್ಲಿ ಆಶ್ಲೇಷಾ ಮಳೆಗೆ ಅಡಕೆಯ ಕೊಳೆರೋಗ ನೋಡುತ್ತಾ ಕುಳಿತವರು ಅಲ್ಲಿಗೆ ಹೋದರೆ ಅದೇ ನಕ್ಷತ್ರದಲ್ಲಿ ಇನ್ನೊಂದು ಆಟ ಆಡಬಹುದು. ಒಳ್ಳೆಯದಾಗಲಿ.

ಹಾನಬಾಳು ರೊಬಸ್ಟಾ, ಸಕಲೇಶಪುರ

ಮೇಷ್ಟ್ರೇ, ಇದನ್ನು ಮನೆಯಲ್ಲಿ ಹೇಳಿದರೆ ಪ್ರವಾಸಕ್ಕೆ ಒಪ್ಪಿಗೆ ಇನ್ನೂ ಸುಲಭವಾಗಿ ಸಿಗುತ್ತಿತ್ತು!

ನಾವಿಕ ಸರ್, ಉಬ್ಬರ ಇಳಿತ? ಮತ್ತೆ ಮಳೆ? ಶುಕ್ರವಾರ ಸುಮ್ಮನೆ ಕೂರಲು ಭಾವಮೈದ ಒಪ್ಪುತ್ತಿಲ್ಲ.

ಆಲ್ದೂರಿನ ಹಳೇ ನಾವಿಕ, ಚಿಕ್ಕಮಗಳೂರು

ಉಬ್ಬರ ಇಳಿತದ ಅಂತರ ಅಲ್ಲಿ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸು. ಕಡಿಮೆ ಎನಿಸಬಹುದು. ಆದರೆ ಹವಳದ ಮೇಲೆ ನೀರು ಇರುವುದೇ ಸೊಂಟದ ಮಟ್ಟಕ್ಕೆ ಎಂದಾಗ ಅರ್ಧ ಮೀಟರ್ ಎಂದರೆ ಬೆನ್ನಿನ ಚರ್ಮ. ಉಬ್ಬರ ಏರುತ್ತಿರುವಾಗ ಇಳಿಯಿರಿ, ಇಳಿತ ಅರ್ಧ ಆಗುವ ಮೊದಲೇ ದೋಣಿ ಹತ್ತಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಇನ್ನೂ ಜೋರು. ಪಂಚಾಂಗ ಹೇಗೂ ಮನೆಯಲ್ಲಿದೆ.

ಮಳೆ ಅಲ್ಲಿ ನಮ್ಮ ಹಾಗೆ ವಾರಗಟ್ಟಲೆ ಕುಳಿತು ಹೊಯ್ಯುವುದಿಲ್ಲ. ದಿಗಂತದಲ್ಲಿ ಕಪ್ಪು ಗೆರೆಯೊಂದು ಏಳುತ್ತದೆ, ಗಾಳಿ ಒಮ್ಮೆಲೇ ಹೆಚ್ಚುತ್ತದೆ, ಹತ್ತಿರದ ದೋಣಿಯೂ ಕಾಣದಂತೆ ಸುರಿದು ಹೋಗುತ್ತದೆ. ಆ ಗೆರೆ ಕಂಡ ಕೂಡಲೇ ದೋಣಿಗೆ. ಅಲ್ಲಿನ ಹವಾಮಾನ ಇಲಾಖೆ ಹಳದಿ ಎಚ್ಚರಿಕೆ ಕೊಟ್ಟ ದಿನ ದೋಣಿಯವನನ್ನು ಹಣದಾಸೆ ತೋರಿಸಿ ಒಪ್ಪಿಸಬೇಡಿ. ಇಲ್ಲಿ ಬೈಪಾಸ್ ಅವರ ಮಾತಿಗೆ ನನ್ನ ಅರ್ಧ ಒಪ್ಪಿಗೆ: ದಿನವನ್ನು ಪಟ್ಟಿ ನೋಡಿ ಆರಿಸಿ, ಗಂಟೆಯನ್ನು ದೋಣಿಯವನಿಗೆ ಬಿಡಿ.

ಭಾವಮೈದನಿಗೆ ಹೀಗೆ ಮಾಡಿ. ಶುಕ್ರವಾರ ಬೆಳಿಗ್ಗೆ ದಡದಲ್ಲಿ ಕೂರಿಸಿ, ಮೊದಲ ಇಪ್ಪತ್ತು ನಿಮಿಷ ಸಮುದ್ರ ಶಾಂತವಾಗಿ ಕಂಡರೂ ಎದ್ದೇಳಲು ಬಿಡಬೇಡಿ. ದೀರ್ಘ ಸ್ವೆಲ್ ಗುಂಪುಗುಂಪಾಗಿ ಬರುತ್ತದೆ, ನಡುವೆ ಬಹಳ ಹೊತ್ತು ಏನೂ ಇರುವುದಿಲ್ಲ. ಮೋಸ ಹೋಗುವುದು ಆ ಬಿಡುವಿನಲ್ಲೇ. ಗುಂಪೊಂದು ಬಂದು ಕೋಕ್ಸ್ ಮೇಲೆ ಬೀಳುವುದನ್ನು ನೋಡಿದ ಮೇಲೆ ಆತನೇ ನಿಮ್ಮನ್ನು ತಡೆಯುತ್ತಾನೆ.

ಹಾಸನದ ಡಾಕ್ಟರಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ. ಹವಳದ ಗೀರು ಚಿಕ್ಕದಾಗಿ ಕಂಡರೂ ಒಳಗೆ ಪುಡಿ ಉಳಿದರೆ ಕೀವಾಗುತ್ತದೆ. ಸಿಹಿನೀರು, ಸೋಪಿನಿಂದ ಚೆನ್ನಾಗಿ ತೊಳೆದು, ಉಜ್ಜಿ ಚೂರುಗಳನ್ನು ತೆಗೆಯಿರಿ. ಗಾಯದ ಮೇಲೆ ನಿಂಬೆರಸ ಹಿಂಡುವ ಸಲಹೆ ಅಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ, ಬೇಡ. ಕೆಂಪು ಹರಡಿದರೆ, ಜ್ವರ ಬಂದರೆ ವೈದ್ಯರನ್ನು ಕಾಣಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಬಿದ್ದಾಗ ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಿ, ತಲೆ ಮುಂದಾಗಿ ಧುಮುಕಬೇಡಿ.

ಹಾನಬಾಳು ರೊಬಸ್ಟಾ, ಸಕಲೇಶಪುರ

ಮೇಡಂ, ಚುಚ್ಚುಮದ್ದು ಇಬ್ಬರಿಗೂ ನಾಳೆಯೇ. ದೋಣಿಯನ್ನು ಮಂಗಳವಾರ ಬೆಳಿಗ್ಗೆಗೆ ಬದಲಾಯಿಸಿದ್ದೇವೆ, ನಿಂಜಾಸ್‌ಗೆ. ಶುಕ್ರವಾರಕ್ಕೆ ಮೀನು. ಹವಳಕ್ಕೆ ಹಾಕುವ ರಬ್ಬರ್ ಬೂಟು, ಹೆಲ್ಮೆಟ್ ಅಲ್ಲಿ ಬಾಡಿಗೆಗೆ ಸಿಗುತ್ತವೆಯೇ, ಇಲ್ಲಿಂದಲೇ ಒಯ್ಯಬೇಕೇ?

ಆಲ್ದೂರಿನ ಹಳೇ ನಾವಿಕ, ಚಿಕ್ಕಮಗಳೂರು

ಬೂಟು ಇಲ್ಲಿಂದಲೇ ಒಯ್ಯಿರಿ, ಅಳತೆಗೆ ಸರಿಯಾಗಿರಬೇಕು. ಹೆಲ್ಮೆಟ್‌ಗೆ ಉಳಿದುಕೊಳ್ಳುವ ಮನೆಯವರಿಗೆ ಇಂದೇ ಬರೆದು ಕೇಳಿ. ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಇನ್ನೊಂದು ಜೊತೆಗಿರಲಿ, ಹಳೆಯದಾದರೆ ಅದು ತುಂಡಾಗುವುದು ದೊಡ್ಡ ಅಲೆಯಲ್ಲೇ.